ಬಯಲುಸೀಮೆಯ ಸರ್ಕಾರಿ ಶಾಲೆಗೆ ಹಸಿರು ಆವರಣ: ನೀರಿನ ಲೆಕ್ಕದಿಂದ ಶುರು ಮಾಡಿ

"ನಮ್ಮ ಶಾಲೆಯನ್ನೂ ಹಸಿರು ಶಾಲೆ ಮಾಡಬೇಕು, ಎಲ್ಲಿಂದ ಶುರು ಮಾಡೋಣ?" ಎಂದು ಕೇಳುವ ಮೇಷ್ಟ್ರುಗಳಿಗೂ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಯವರಿಗೂ ನಾನು ತಿರುಗಿ ಕೇಳುವುದು ಒಂದೇ ಮಾತು: ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಶಾಲೆ ಗೇಟಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ? ಇದಕ್ಕೆ ಒಬ್ಬರ ಹೆಸರು ಸಿಕ್ಕರೆ ಉಳಿದದ್ದೆಲ್ಲ ಆಗುವ ಮಾತು. ಸಿಗದಿದ್ದರೆ, ಪರಿಸರ ದಿನವೆಂದು ಜೂನ್ 5ರಂದು ಅತಿಥಿಗಳ ಕೈಯಿಂದ ನೆಡಿಸಿದ ಸಸಿ ಮುಂದಿನ ಬೇಸಿಗೆಗೆ ಒಣಗುತ್ತದೆ. ಮರುವರ್ಷ ಅದೇ ಗುಣಿಗೆ ಇನ್ನೊಂದು ಸಸಿ, ಇನ್ನೊಂದು ಫೋಟೊ. ಕೆಲವು ಶಾಲೆಗಳ ಗುಣಿಗಳಿಗೆ ಅಲ್ಲಿನ ಮಕ್ಕಳಿಗಿಂತ ಹೆಚ್ಚು ವಯಸ್ಸಾಗಿದೆ.

ಈ ಲೇಖನದ ಲೆಕ್ಕಕ್ಕೆ ನಾನು ಇಟ್ಟುಕೊಂಡಿರುವುದು ಚಿತ್ರದುರ್ಗ, ಪಾವಗಡ, ಗದಗ, ಕೊಪ್ಪಳದ ಕಡೆ ಸಾಮಾನ್ಯವಾಗಿ ಕಾಣುವಂಥ ಒಂದು ಹಿರಿಯ ಪ್ರಾಥಮಿಕ ಶಾಲೆ. 120 ಮಕ್ಕಳು, ಏಳು ಕೊಠಡಿ, ಸುಮಾರು ಒಂದು ಎಕರೆ ಜಾಗ, ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆ. ಮಲೆನಾಡು, ಕರಾವಳಿಯ ಶಾಲೆಗಳ ತಾಪತ್ರಯವೇ ಬೇರೆ. ಅಲ್ಲಿ ನೀರನ್ನು ಹಿಡಿಯುವುದಕ್ಕಿಂತ ಸಾಗಹಾಕುವ ಚಿಂತೆ ಹೆಚ್ಚು. ಅವರು ಇಲ್ಲಿಂದ ಬೇಕಾದಷ್ಟನ್ನು ಮಾತ್ರ ತೆಗೆದುಕೊಳ್ಳಲಿ.

ಮೊದಲು ಪಹಣಿ, ಆಮೇಲೆ ಗುಣಿ

ಹಳ್ಳಿಯ ಎಷ್ಟೋ ಶಾಲೆಗಳು ನಿಂತಿರುವುದು ಊರ ಹಿರಿಯರು ಬಾಯಿಮಾತಿನಲ್ಲಿ ಕೊಟ್ಟ ಜಾಗದಲ್ಲಿ. ಕೊಟ್ಟವರು ಈಗಿಲ್ಲ, ಮೊಮ್ಮಕ್ಕಳ ಕಾಲ ಬಂದಿದೆ, ಜಾಗಕ್ಕೆ ಬೆಲೆಯೂ ಬಂದಿದೆ. ಹಾಗಾಗಿ ಮೊದಲ ಕೆಲಸ ಕಡತ ತೆಗೆಸುವುದು. ದಾನಪತ್ರ ಇದೆಯೇ, ಶಾಲೆಯ ಹೆಸರಿಗೆ ಪಹಣಿಯೋ ಖಾತೆಯೋ ಆಗಿದೆಯೇ ನೋಡಿ. ಆಗಿಲ್ಲದಿದ್ದರೆ ಪಂಚಾಯ್ತಿಗೂ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೂ ಅರ್ಜಿ ಕೊಟ್ಟು, ಸರ್ವೆ ಮಾಡಿಸಿ, ಹದ್ದುಬಸ್ತು ಕಲ್ಲು ನೆಡಿಸಿ. ಅಳತೆಯಾಗುವ ಮೊದಲೇ ಅಂಚಿನಲ್ಲಿ ಮರ ಬೆಳೆಸಿದರೆ, ಹತ್ತು ವರ್ಷದ ಮೇಲೆ ತಕರಾರು ಎದ್ದಾಗ ಮೊದಲು ಹೋಗುವುದು ಆ ಮರಗಳೇ. ಇದು ಹಸಿರಿನ ಕೆಲಸದಂತೆ ಕಾಣುವುದಿಲ್ಲ, ಫೋಟೊಗೂ ಬರುವುದಿಲ್ಲ. ಆದರೂ ಇದನ್ನು ಬಿಟ್ಟು ಮುಂದೆ ಹೋಗಬೇಡಿ.

ಚಾರ್ಟ್ ಪೇಪರಿನ ಮೇಲೆ ಶಾಲೆ

ಒಂದು ಎಕರೆ ಎಂದರೆ ಹತ್ತಿರ ಹತ್ತಿರ 64 ಮೀಟರ್ ಉದ್ದ, 64 ಮೀಟರ್ ಅಗಲ. ಒಂದು ಸೆಂಟಿಮೀಟರಿಗೆ ಎರಡು ಮೀಟರ್ ಎಂದು ಹಿಡಿದರೆ ಇಡೀ ಶಾಲೆ ಒಂದು ಚಾರ್ಟ್ ಪೇಪರಿನಲ್ಲಿ ಕೂರುತ್ತದೆ. ಏಳನೇ ತರಗತಿಯ ಮಕ್ಕಳಿಗೆ ಅಳತೆ ಟೇಪು ಕೊಡಿ. ಎರಡು ಗಣಿತದ ಪಿರಿಯಡ್ಡಿನಲ್ಲಿ ಕಟ್ಟಡ, ಕೊಳವೆಬಾವಿ, ಸಂಪು, ಶೌಚಾಲಯ, ಅಡುಗೆ ಕೋಣೆ, ಈಗಿರುವ ಮರ, ತಲೆಯ ಮೇಲೆ ಹಾದುಹೋಗುವ ಕರೆಂಟಿನ ತಂತಿ ಎಲ್ಲವನ್ನೂ ಗುರುತಿಸುತ್ತಾರೆ. ತಂತಿಯನ್ನು ಮರೆಯಬೇಡಿ. ಅದರ ಕೆಳಗೆ ನೆಟ್ಟ ಹೊಂಗೆಯ ತಲೆಯನ್ನು ಲೈನ್‌ಮ್ಯಾನ್ ವರ್ಷ ವರ್ಷ ಬೋಳಿಸುತ್ತಲೇ ಇರುತ್ತಾನೆ.

ಇದರ ಮೇಲೆ ಮೂರು ಸಂಗತಿ ಬೇರೆ ಬೇರೆ ಬಣ್ಣದಲ್ಲಿ ಬರಬೇಕು. ಒಂದು, ನೆರಳು: ಬೆಳಿಗ್ಗೆ ಹತ್ತಕ್ಕೆ, ಮಧ್ಯಾಹ್ನ ಊಟದ ಹೊತ್ತಿಗೆ, ಮೂರೂವರೆಗೆ ನೆರಳು ಎಲ್ಲೆಲ್ಲಿ ಬೀಳುತ್ತದೆ. ಇದನ್ನು ಮಾರ್ಚಿನಲ್ಲಿ ಮಾಡಿ, ಆಗಲೇ ನೆರಳಿನ ಬೆಲೆ ಗೊತ್ತಾಗುವುದು. ಎರಡು, ನೀರಿನ ಓಟ: ಜೋರು ಮಳೆ ಬಂದ ದಿನ ವರಾಂಡದಲ್ಲಿ ನಿಂತು ನೀರು ಯಾವ ಕಡೆಯಿಂದ ಬಂತು, ಎಲ್ಲಿ ನಿಂತಿತು, ಎಲ್ಲಿಂದ ಹೊರಗೆ ಹೋಯಿತು ಎಂದು ಬಾಣದ ಗುರುತು ಹಾಕಿಸಿ. ಮೂರು, ಮಕ್ಕಳ ಕಾಲುದಾರಿ. ಪ್ಲಾನಿನಲ್ಲಿ ದಾರಿ ಎಲ್ಲಿದ್ದರೂ ಮಕ್ಕಳು ಓಡುವ ದಾರಿ ಬೇರೆಯೇ ಇರುತ್ತದೆ; ಆ ದಾರಿಯ ಮಧ್ಯೆ ಹೂವಿನ ಪಾತಿ ಮಾಡಿದರೆ ಗೆಲ್ಲುವುದು ಮಕ್ಕಳೇ.

ಈ ನಕ್ಷೆಯಲ್ಲೇ ಮುಂದಿನ ಮೂವತ್ತು ವರ್ಷದ ಜಾಗವನ್ನೂ ಕಾಯ್ದಿಡಬೇಕು. ಇನ್ನೆರಡು ಕೊಠಡಿ ಮಂಜೂರಾದರೆ ಎಲ್ಲಿ ಕಟ್ಟುತ್ತೀರಿ? ಆ ಜಾಗಕ್ಕೆ ಗೆರೆ ಎಳೆದು, ಅಲ್ಲಿ ಸೊಪ್ಪು ತರಕಾರಿ ಬೆಳೆಯಿರಿ, ಮರ ಬೇಡ. ಖೊಖೊ ಅಂಕಣಕ್ಕೆ 27 ಮೀಟರ್ ಉದ್ದ, 16 ಮೀಟರ್ ಅಗಲ ಬೇಕು, ಸುತ್ತ ಓಡಾಡಲು ಇನ್ನಷ್ಟು. ಅದನ್ನೂ ಬಿಡಿ. ಆಟದ ಬಯಲನ್ನು ಕಾಡು ಮಾಡಿ ಪ್ರಶಸ್ತಿ ತೆಗೆದುಕೊಂಡ ಶಾಲೆ ನನಗೇನೂ ಹಸಿರು ಶಾಲೆಯಾಗಿ ಕಾಣುವುದಿಲ್ಲ. ಅಂಗಳಕ್ಕೆ ಸಿಮೆಂಟ್ ಇಟ್ಟಿಗೆ ಹಾಸುವ ಆಸೆಯನ್ನೂ ಇಲ್ಲೇ ಬಿಡುವುದು ಒಳ್ಳೆಯದು. ಮಾರ್ಚಿನ ಮಧ್ಯಾಹ್ನ ಅದರ ಮೇಲೆ ಬರಿಗಾಲಲ್ಲಿ ನಿಂತು ನೋಡಿ, ಆಮೇಲೆ ತೀರ್ಮಾನಿಸಿ. ಗೇಟಿನಿಂದ ಬಾಗಿಲವರೆಗೆ ಕೆಸರಾಗದಂತೆ ಒಂದು ಕಲ್ಲುಚಪ್ಪಡಿಯ ದಾರಿ ಸಾಕು.

ತಾರಸಿಯ ನೀರು ಎಷ್ಟು?

ಲೆಕ್ಕ ಬಹಳ ಸುಲಭ. ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಮೂರು ಕೊಠಡಿ ಮತ್ತು ಅವುಗಳ ಮುಂದಿನ ವರಾಂಡ ಸೇರಿ 150 ಚದರ ಮೀಟರ್ ಎಂದುಕೊಳ್ಳಿ. 600 ಮಿ.ಮೀ. ಮಳೆಗೆ 90 ಸಾವಿರ ಲೀಟರ್. ಆವಿಯಾಗಿದ್ದು, ಸಿಡಿದಿದ್ದು, ಮೊದಲ ಮಳೆಗೆ ಹೊರಗೆ ಬಿಟ್ಟಿದ್ದು ಎಲ್ಲ ಕಳೆದು ಶೇ 80 ಕೈಗೆ ಸಿಕ್ಕರೂ 72 ಸಾವಿರ ಲೀಟರ್.

ಈಗ ಖರ್ಚು. ಕುಡಿಯಲು ಮತ್ತು ಬಿಸಿಯೂಟದ ಅಡುಗೆಗೆ ಮಗುವಿಗೆ ದಿನಕ್ಕೆ ಎರಡು ಲೀಟರ್ ಹಿಡಿದರೆ 120 ಮಕ್ಕಳಿಗೆ 240 ಲೀಟರ್. ವರ್ಷದ 220 ಶಾಲಾ ದಿನಕ್ಕೆ 52,800 ಲೀಟರ್. ಅಂದರೆ ಏಳು ಕೊಠಡಿಯ ಪೈಕಿ ಮೂರರ ತಾರಸಿಯೇ ಇಡೀ ವರ್ಷ ನೀರು ಕುಡಿಸಬಲ್ಲದು. ಮಳೆ ಅರ್ಧಕ್ಕರ್ಧ ಕೈಕೊಟ್ಟ ವರ್ಷವೂ 36 ಸಾವಿರ ಲೀಟರ್ ಸಿಗುತ್ತದೆ.

ಇಡೀ ವರ್ಷದ ನೀರನ್ನು ಒಟ್ಟಿಗೆ ತುಂಬಿಡಬೇಕಿಲ್ಲ. ಜೂನಿನಿಂದ ನವೆಂಬರ್‌ವರೆಗೆ ಬಿಟ್ಟೂ ಬಿಟ್ಟೂ ಮಳೆ ಬರುತ್ತಲೇ ಇರುತ್ತದೆ, ತೊಟ್ಟಿ ತುಂಬುತ್ತಲೇ ಇರುತ್ತದೆ. ಡಿಸೆಂಬರಿನಿಂದ ಏಪ್ರಿಲ್ ರಜೆಯವರೆಗಿನ ಸುಮಾರು ನೂರು ಶಾಲಾ ದಿನ ದಾಟಿಸಿದರೆ ಸಾಕು. ನೂರು ದಿನಕ್ಕೆ 24 ಸಾವಿರ ಲೀಟರ್. 13 ಅಡಿ ಉದ್ದ, 10 ಅಡಿ ಅಗಲ, 7 ಅಡಿ ಆಳದ ತೊಟ್ಟಿಯಲ್ಲಿ 25 ಸಾವಿರ ಲೀಟರ್ ಹಿಡಿಯುತ್ತದೆ. ಎಂಜಿನಿಯರ್ ಎರಡು ಸಾವಿರ ಲೀಟರಿನ ಪ್ಲಾಸ್ಟಿಕ್ ಟ್ಯಾಂಕ್ ಇಟ್ಟು "ಮಳೆಕೊಯ್ಲು ಆಯ್ತು" ಎಂದರೆ ಈ ಲೆಕ್ಕ ಮುಂದಿಡಿ. ಎರಡು ಸಾವಿರ ಲೀಟರ್ ಎಂಟು ದಿನಕ್ಕೆ ಮುಗಿಯುತ್ತದೆ.

ಫ್ಲೋರೈಡ್ ಇರುವ ತಾಲ್ಲೂಕುಗಳಲ್ಲಿ ಇದು ಬರೀ ನೀರುಳಿಸುವ ಮಾತಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ ಒಂದು ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ ಒಂದೂವರೆವರೆಗೆ ಎನ್ನುತ್ತದೆ ನಮ್ಮ ದೇಶದ ಮಾನದಂಡ. ಪಾವಗಡ, ಕೋಲಾರದ ಕಡೆಯ ಆಳದ ಕೊಳವೆಬಾವಿಗಳು ಈ ಮಿತಿ ದಾಟುವುದು ಹೊಸ ಸುದ್ದಿಯಲ್ಲ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಹಲ್ಲು ಕಂದು ಬಣ್ಣಕ್ಕೆ ತಿರುಗುವುದು ಹಲ್ಲು ರೂಪುಗೊಳ್ಳುವ ಎಳೆ ವಯಸ್ಸಿನಲ್ಲಿ ಕುಡಿದ ನೀರಿನಿಂದ. ಮಳೆ ನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ.

ಹಾಗಾದರೆ ಇಷ್ಟು ದಿನ ಯಾರೂ ಯಾಕೆ ಮಾಡಲಿಲ್ಲ? ಮಾಡಿದ್ದರು. ಗ್ರಾಮೀಣ ಶಾಲೆಗಳ ತಾರಸಿ ನೀರು ಹಿಡಿಯಲೆಂದೇ ರಾಜ್ಯದಲ್ಲಿ ಸುವರ್ಣ ಜಲ ಯೋಜನೆ ಬಂದಿತ್ತು. ಅದರ ತೊಟ್ಟಿಗಳು ಇವತ್ತಿಗೂ ಎಷ್ಟೋ ಶಾಲೆಗಳ ಪಕ್ಕದಲ್ಲಿ ಒಡೆದ ಪೈಪಿನ ಜೊತೆ ಖಾಲಿ ನಿಂತಿವೆ. ತಂತ್ರಜ್ಞಾನದ ತಪ್ಪೇನಿಲ್ಲ. ಶೋಧಕದ ಮರಳನ್ನು ವರ್ಷಕ್ಕೊಮ್ಮೆ ತೊಳೆಯುವವರು ಯಾರು, ಪೈಪಿನ ಮೊಣಕೈ ಒಡೆದರೆ ನೂರು ರೂಪಾಯಿ ಎಲ್ಲಿಂದ ಎಂಬುದನ್ನು ಯಾರೂ ಬರೆದಿಟ್ಟಿರಲಿಲ್ಲ. ನಿಮ್ಮ ಶಾಲೆಯಲ್ಲೂ ಅಂಥ ತೊಟ್ಟಿ ಇದ್ದರೆ ಹೊಸದನ್ನು ಕಟ್ಟುವ ಮೊದಲು ಅದಕ್ಕೆ ನೀರು ತುಂಬಿಸಿ ಸೋರುತ್ತದೆಯೇ ನೋಡಿ. ಬಿರುಕಿಗೆ ಪ್ಲಾಸ್ಟರ್ ಮಾಡಿಸುವುದು ಹೊಸ ತೊಟ್ಟಿಗಿಂತ ಎಷ್ಟೋ ಅಗ್ಗ.

ಕೆಲಸದ ಕ್ರಮ ಹೀಗಿರಲಿ. ಬೇಸಿಗೆ ರಜೆಗೆ ಮುಂಚೆ ತಾರಸಿ ಗುಡಿಸಿ, ದೋಣಿಪೈಪಿನ ತರಗು ತೆಗೆಯಿರಿ. ಕೆಳಗಿಳಿಯುವ ಪೈಪಿನ ತುದಿಗೆ ಒಂದು ಬಿರಡೆ ಇರಲಿ. ಅಶ್ವಿನಿ, ಭರಣಿ ಮಳೆ ರಜೆಯಲ್ಲಿ ಬರುವುದರಿಂದ ಆ ಬಿರಡೆ ತೆಗೆದೇ ಇರಲಿ. ವರ್ಷದ ಧೂಳು, ಹಕ್ಕಿ ಹಿಕ್ಕೆ ಎಲ್ಲ ಹೊರಗೆ ಹೋಗುತ್ತದೆ. ಶಾಲೆ ಶುರುವಾದ ಮೇಲೆ ತೊಟ್ಟಿಗೆ ತಿರುಗಿಸಿ. ಆಮೇಲೂ ಬಹಳ ದಿನ ಬಿಟ್ಟು ಬಂದ ಮಳೆಯ ಮೊದಲ ಎರಡು ಮಿಲಿಮೀಟರ್, ನಮ್ಮ ಲೆಕ್ಕದಲ್ಲಿ 300 ಲೀಟರ್, ಹೊರಗೆ ಹೋಗಲಿ. ಆ ನೀರೂ ಗಿಡದ ಪಾತಿಗೇ ಸೇರುವಂತೆ ಮಾಡಬಹುದು. ನಡುವೆ ಜಲ್ಲಿ, ಮರಳಿನ ಶೋಧಕ. ತೊಟ್ಟಿಯೊಳಗೆ ಬೆಳಕು ಬೀಳಬಾರದು, ಬಿದ್ದರೆ ಪಾಚಿ. ಗಾಳಿ ಪೈಪಿಗೆ ಸೊಳ್ಳೆ ಪರದೆ ಕಟ್ಟಿ. ಮುಚ್ಚಳಕ್ಕೆ ಬೀಗ ಇರಲೇಬೇಕು. ಕೊಡ ಇಳಿಸಿ ನೀರು ಮೊಗೆಯುವ ಪದ್ಧತಿ ಬೇಡ, ಮೇಲೊಂದು ಕೈಪಂಪು ಕೂರಿಸಿ. ಕ್ಲೋರಿನ್ ಹಾಕುವ ಪ್ರಮಾಣವನ್ನು ಆರೋಗ್ಯ ಕೇಂದ್ರದವರಿಂದ ಕೇಳಿ ಗೋಡೆಯ ಮೇಲೆ ಬರೆಸಿ; ನೀರಿನ ಪರೀಕ್ಷೆಯ ಕಿಟ್ ಪಂಚಾಯ್ತಿಯಲ್ಲಿ ಸಿಗುತ್ತದೆ. ಆಸ್‌ಬೆಸ್ಟಾಸ್ ಶೀಟಿನ ಚಾವಣಿಯ ನೀರನ್ನು ಕುಡಿಯಲು ಹಿಡಿಯಬೇಡಿ.

ಉಳಿದ ನಾಲ್ಕು ಕೊಠಡಿಯ ನೀರನ್ನು ಕೊಳವೆಬಾವಿಯ ಪಕ್ಕದ ಇಂಗುಗುಂಡಿಗೆ ಬಿಡಿ. ಅಂಗಳದ ನೀರು ನಕ್ಷೆಯಲ್ಲಿ ಎಲ್ಲಿಂದ ಹೊರಗೆ ಹೋಗುತ್ತಿತ್ತೋ ಅಲ್ಲೇ ಅಡ್ಡಕ್ಕೆ ಒಂದು ಬದು, ಅದರ ಹಿಂದೆ ಒಂದಡಿ ಆಳದ ಕಾಲುವೆ. ಗಿಡಗಳ ಸಾಲು ಆ ಕಾಲುವೆಯ ಗುಂಟವೇ ಬರಲಿ.

ಎಷ್ಟು ಸಸಿ?

ಇನ್ನೂರು ಸಸಿ ಕೊಡುತ್ತೇವೆ ಎಂದು ಯಾರಾದರೂ ಬಂದಾಗ ಬೇಡ ಎನ್ನುವುದು ಕಷ್ಟ. ಆದರೂ ಹೇಳಬೇಕು. ಎಳೆ ಸಸಿಗೆ ಬೇಸಿಗೆಯಲ್ಲಿ ವಾರಕ್ಕೆ 15 ಲೀಟರಾದರೂ ಬೇಕು, ಅದೂ ಎರಡು ಮೂರು ಬೇಸಿಗೆ. 200 ಸಸಿಗೆ ವಾರಕ್ಕೆ ಮೂರು ಸಾವಿರ ಲೀಟರ್. 25 ಸಸಿಗೆ 375 ಲೀಟರ್.

ಈ 375 ಲೀಟರ್ ನಿಮ್ಮ ಹತ್ತಿರ ಈಗಾಗಲೇ ಇದೆ. 120 ಮಕ್ಕಳು ಊಟದ ಹೊತ್ತಿಗೆ ಕೈ, ತಟ್ಟೆ ತೊಳೆಯಲು ತಲಾ ಒಂದೂವರೆ ಲೀಟರ್ ಬಳಸಿದರೂ ದಿನಕ್ಕೆ 180 ಲೀಟರ್. ಎಷ್ಟೋ ಶಾಲೆಗಳಲ್ಲಿ ಅದು ನಲ್ಲಿಯ ಪಕ್ಕದಲ್ಲೇ ಕೊಚ್ಚೆಯಾಗಿ ನಿಂತು ಸೊಳ್ಳೆ ಸಾಕುತ್ತಿರುತ್ತದೆ. ಕೈತೊಳೆಯುವ ಕಟ್ಟೆಯ ನೀರು ಮೊದಲು ಅನ್ನದ ಅಗುಳು ತಡೆಯುವ ಜಾಲರಿ, ಆಮೇಲೆ ಜಲ್ಲಿ ತುಂಬಿದ ಸಣ್ಣ ಗುಂಡಿ, ಅಲ್ಲಿಂದ ಬಾಳೆ, ಪಪ್ಪಾಯಿಯ ಪಾತಿ, ಮಿಕ್ಕಿದ್ದು ಪೈಪಿನಲ್ಲಿ ಸಸಿಗಳಿಗೆ. ಸೋಪಿನ ನೊರೆ ಜಾಸ್ತಿಯಿದ್ದರೆ ಸೊಪ್ಪಿನ ಮಡಿಗೆ ಬಿಡಬೇಡಿ, ಮರಗಳಿಗೆ ಪರವಾಗಿಲ್ಲ. ಶಾಲೆ ನಡೆಯುವ ದಿನ 25 ಸಸಿಗೆ ಬೇರೆ ನೀರೇ ಬೇಡ. ಸಮಸ್ಯೆ ಉಳಿಯುವುದು ಏಪ್ರಿಲ್–ಮೇ ರಜೆಯ ಏಳೆಂಟು ವಾರದ್ದು. 375ನ್ನು ಎಂಟರಿಂದ ಗುಣಿಸಿದರೆ ಮೂರು ಸಾವಿರ ಲೀಟರ್, ಅಂದರೆ ಒಂದು ಟ್ಯಾಂಕರು ನೀರು. ಅದನ್ನು ವಾರಕ್ಕೊಮ್ಮೆ ಹಾಕಲು ಶಾಲೆಯ ಹತ್ತಿರವೇ ಮನೆಯಿರುವ ಒಬ್ಬರು ಬೇಕು. ಪಂಚಾಯ್ತಿಯ ನೀರುಗಂಟಿಯೋ, ಬಿಸಿಯೂಟದ ಅಡುಗೆಯವರೋ, ಎದುರು ಮನೆಯವರೋ ಆಗಬಹುದು. ಅವರಿಗೆ ಇಷ್ಟು ಎಂದು ಕೂಲಿ ಗೊತ್ತು ಮಾಡಿ ಎಸ್‌ಡಿಎಂಸಿ ಸಭೆಯಲ್ಲಿ ಬರೆಸಿಕೊಳ್ಳಿ. ಪುಕ್ಕಟೆ ಕೆಲಸ ಎರಡನೇ ವಾರಕ್ಕೆ ನಿಲ್ಲುತ್ತದೆ, ಅವರನ್ನು ದೂರಿ ಪ್ರಯೋಜನವಿಲ್ಲ.

ಸಾಲುಮರದ ತಿಮ್ಮಕ್ಕನವರ ಹೆಸರನ್ನು ಎಲ್ಲ ವನಮಹೋತ್ಸವದ ಭಾಷಣದಲ್ಲೂ ಹೇಳುತ್ತಾರೆ. ಹುಲಿಕಲ್–ಕುದೂರು ರಸ್ತೆಯಲ್ಲಿ ಅವರೂ ಅವರ ಯಜಮಾನರೂ ಮಾಡಿದ ಕೆಲಸದಲ್ಲಿ ನೆಡುವುದು ಚಿಕ್ಕ ಭಾಗ. ಮಳೆಗಾಲ ನೋಡಿ ನೆಟ್ಟು, ಕೊಡದಲ್ಲಿ ನೀರು ಹೊತ್ತು ಹಾಕಿ, ದನ ಮೇಯದಂತೆ ಮುಳ್ಳು ಕಟ್ಟಿ ಕಾಯ್ದದ್ದು ದೊಡ್ಡ ಭಾಗ. ಭಾಷಣದಲ್ಲಿ ಆ ಮುಳ್ಳಿನ ಬೇಲಿಯ ಮಾತೂ ಬಂದರೆ ಒಳ್ಳೆಯದಿತ್ತು.

ಯಾವ ಮರ, ಎಲ್ಲಿ

ಪಡುವಣ ದಿಕ್ಕಿನಿಂದ ಶುರು ಮಾಡಿ. ಮಧ್ಯಾಹ್ನ ಎರಡರ ಮೇಲೆ ಗೋಡೆ ಕಾಯಿಸುವುದು ಪಶ್ಚಿಮದ ಬಿಸಿಲು. ಆ ಕಡೆ ಗೋಡೆಯಿಂದ ಹದಿನೈದಿಪ್ಪತ್ತು ಅಡಿ ಬಿಟ್ಟು ಹೊಂಗೆ, ಬೇವು ಸಾಲಾಗಿ ಬರಲಿ. ಹೊಂಗೆ ಬೇಸಿಗೆಯ ಕಾವು ಏರುವ ಹೊತ್ತಿಗೇ ಹೊಸ ಚಿಗುರು ತುಂಬಿಕೊಂಡು ನಿಲ್ಲುತ್ತದೆ, ಶಾಲೆಗೆ ಇದಕ್ಕಿಂತ ಒಳ್ಳೆ ನೆರಳಿನ ಮರ ನಾನು ಕಂಡಿಲ್ಲ. ಊಟಕ್ಕೆ ಕೂರುವ ಕಡೆ ಒಂದು ಹುಣಸೆಯೋ ನೇರಳೆಯೋ ಇರಲಿ; ನೇರಳೆಯನ್ನು ಕೊಠಡಿಯ ಬಾಗಿಲಿಗೆ ದೂರ ನೆಡಿ, ಹಣ್ಣಿನ ಕಾಲದಲ್ಲಿ ನೆಲವೆಲ್ಲ ನೀಲಿ. ಆಲ, ಅರಳಿ, ಅತ್ತಿಯಲ್ಲಿ ಒಂದೇ ಒಂದು ಸಾಕು, ಅದೂ ಕಟ್ಟಡದಿಂದಲೂ ತೊಟ್ಟಿಯಿಂದಲೂ ಐವತ್ತು ಅಡಿ ಆಚೆ. ಬೇರು ಗೋಡೆ ಸೀಳುತ್ತದೆ. ಅದಕ್ಕೆ ಕಲ್ಲುಕಟ್ಟೆ ಕಟ್ಟಿದರೆ ಅದೇ ಬಯಲು ತರಗತಿ. ಬೇಲಿಯ ಗುಂಟ ಸೀತಾಫಲ, ನುಗ್ಗೆ, ಬೆಟ್ಟದ ನೆಲ್ಲಿ. ಮಕ್ಕಳು ಕಲ್ಲು ಹೊಡೆದು ತಿನ್ನುವ ಹಣ್ಣಿನ ಮರ ಶಾಲೆಯಲ್ಲಿ ಬೇಡ ಎನ್ನುವವರಿದ್ದಾರೆ. ಎಟುಕುವ ಎತ್ತರದಲ್ಲಿ ಹಣ್ಣು ಬಿಡುವ ಗಿಡವಿದ್ದರೆ ಕಲ್ಲಿನ ಮಾತೇ ಬರುವುದಿಲ್ಲ.

ಬೇಡವಾದವು: ನೀಲಗಿರಿ, ಅಕೇಶಿಯಾ. ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರವೇ 2017ರಲ್ಲಿ ನಿಷೇಧಿಸಿತ್ತು. ಬೇಗ ಬೆಳೆಯುತ್ತದೆಂದು ಈಚೆಗೆ ಎಲ್ಲೆಡೆ ತರುತ್ತಿರುವ ಕೊನೊಕಾರ್ಪಸ್ಸನ್ನು ಗುಜರಾತ್ 2023ರಲ್ಲಿ ನಿಲ್ಲಿಸಿತು. ಗುಲ್‌ಮೊಹರ್ ನೋಡಲು ಚೆಂದ, ಗಾಳಿಗೆ ಕೊಂಬೆ ಮುರಿದು ಬೀಳುತ್ತದೆ. ಮಕ್ಕಳು ಓಡಾಡುವ ಕಡೆ ಬೇಡ. ಕಣಗಿಲೆ ವಿಷ, ಅಂದದ ಬೇಲಿಗೆಂದು ಯಾರಾದರೂ ತಂದರೆ ವಾಪಸ್ ಕಳಿಸಿ.

ಮೊದಲ ಮಳೆಗೆ ನೆಲ ಮೆತ್ತಗಾದಾಗ ಎರಡಡಿ ಉದ್ದ, ಅಗಲ, ಆಳದ ಗುಣಿ ತೆಗೆಸಿ, ಬಿಸಿಲಿಗೆ ಬಿಡಿ. ಮೇಲ್ಮಣ್ಣು, ಕೊಟ್ಟಿಗೆ ಗೊಬ್ಬರ, ಕೆರೆಗೋಡು ಸಿಕ್ಕರೆ ಅದು, ಒಂದಿಷ್ಟು ಬೇವಿನ ಹಿಂಡಿ ಬೆರೆಸಿ ತುಂಬಿ. ಮೃಗಶಿರಾ, ಆರಿದ್ರಾ ಮಳೆಯಲ್ಲಿ ಎರಡು ಮೂರು ಹದ ಸಿಕ್ಕ ಮೇಲೆ ನೆಡಿ. ಜೂನ್ 5ರಂದೇ ಆಗಬೇಕೆಂಬ ಹಟ ಬೇಡ, ಆ ದಿನ ಗುಣಿ ತುಂಬುವ ಕಾರ್ಯಕ್ರಮ ಇಟ್ಟುಕೊಳ್ಳಿ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದೊಡ್ಡ ಚೀಲದಲ್ಲಿ ಬೆಳೆಸಿದ, ಆಳೆತ್ತರದ ಸಸಿ ಕೇಳಿ. ನೆಡುವಾಗ ಪ್ಲಾಸ್ಟಿಕ್ ಚೀಲ ಹರಿದು ತೆಗೆಯಿರಿ. ಹೇಳಬೇಕಾದ ಮಾತಲ್ಲ, ಆದರೂ ಚೀಲದ ಸಮೇತ ನೆಟ್ಟು ಸತ್ತ ಸಸಿಗಳನ್ನು ಕಿತ್ತು ನೋಡಿದವರಿಗೆ ಗೊತ್ತು. ಬುಡಕ್ಕೆ ನಾಲ್ಕು ಬೆರಳು ದಪ್ಪ ತರಗೆಲೆ ಹೊದಿಸಿದರೆ ನೀರು ಆರುವುದಿಲ್ಲ, ಕಾಂಡಕ್ಕೆ ಮಾತ್ರ ತಾಕದಿರಲಿ.

ಇನ್ನೊಂದು ಮಾತು. ಮಕ್ಕಳು ಗಿಡಕ್ಕೆ ನೀರು ಹಾಕುವುದರಲ್ಲಿ ತಪ್ಪಿಲ್ಲ, ಎಲ್ಲ ಮಕ್ಕಳೂ ಸರದಿಯಲ್ಲಿ ಹಾಕುವುದಾದರೆ. ನೀರು ಹೊರುವ ಪಟ್ಟಿಯಲ್ಲಿ ಯಾವ ಕೇರಿಯ ಮಕ್ಕಳ ಹೆಸರು ಮತ್ತೆ ಮತ್ತೆ ಬರುತ್ತಿದೆ ಎಂದು ಮುಖ್ಯ ಶಿಕ್ಷಕರು ತಾವೇ ನೋಡಬೇಕು. ಸಂಪು, ತೊಟ್ಟಿ, ಶೌಚದ ಗುಂಡಿಗೆ ಯಾವ ಮಗುವನ್ನೂ ಇಳಿಸುವಂತಿಲ್ಲ, ಶೌಚಾಲಯ ತೊಳೆಸುವಂತಿಲ್ಲ.

ಕೊಠಡಿಯ ಕಾವು

ಇರುವ ಆರ್‌ಸಿಸಿ ತಾರಸಿಗೆ ಫೆಬ್ರವರಿಯಲ್ಲಿ ಬಿಳಿ ಸುಣ್ಣ ಬಳಿಸಿ. ಸುಣ್ಣಕ್ಕೆ ಒಂದಿಷ್ಟು ಅಂಟು ಬೆರೆಸಿದರೆ ಎರಡು ಬೇಸಿಗೆ ತಡೆಯುತ್ತದೆ. ಇಷ್ಟು ಅಗ್ಗದ ಕೆಲಸದಿಂದ ಇಷ್ಟು ಫಲ ಸಿಗುವುದು ಬೇರೆಲ್ಲೂ ಇಲ್ಲ. ಫ್ಯಾನ್ ಕೆಳಗೆ ಕೂತ ಮಕ್ಕಳಿಗೇ ವ್ಯತ್ಯಾಸ ಗೊತ್ತಾಗುತ್ತದೆ.

ಹೊಸ ಕೊಠಡಿ ಮಂಜೂರಾದಾಗ ಎಂಜಿನಿಯರ್ ಹತ್ತಿರ ಒಂದು ಟೈಪ್ ಡಿಸೈನ್, ಅಂದರೆ ಎಲ್ಲ ಶಾಲೆಗೂ ಒಂದೇ ಆದ ಸಿದ್ಧ ನಕ್ಷೆ ಇರುತ್ತದೆ. ಅದನ್ನು ಬದಲಿಸುವುದು ನಿಮ್ಮ ಕೈಯಲ್ಲಿಲ್ಲ, ತಿರುಗಿಸುವುದು ನಿಮ್ಮ ಕೈಯಲ್ಲಿದೆ. ಮಾರ್ಕಿಂಗ್ ಹಾಕುವ ದಿನ ಅಲ್ಲಿರಿ. ಉದ್ದದ ಗೋಡೆ ಉತ್ತರಕ್ಕೂ ದಕ್ಷಿಣಕ್ಕೂ ಮುಖ ಮಾಡಿರಲಿ, ಗಿಡ್ಡ ಗೋಡೆ ಪೂರ್ವ ಪಶ್ಚಿಮಕ್ಕೆ. ಉತ್ತರದ ಕಿಟಕಿಯಿಂದ ಬರುವುದು ಕಣ್ಣು ಕುಕ್ಕದ ಬೆಳಕು. ದಕ್ಷಿಣದ ಕಿಟಕಿಗೆ ಎರಡಡಿ ಸಜ್ಜಾ ಸಾಕು. ಪಶ್ಚಿಮದ ಗೋಡೆಗೆ ಕಿಟಕಿಯೇ ಬೇಡ, ಕರಿಹಲಗೆ ಅಲ್ಲಿರಲಿ. ಎದುರು ಬದುರು ಕಿಟಕಿ, ಕೂತ ಮಗುವಿನ ಎತ್ತರಕ್ಕೆ ಗಾಳಿ ಬರುವಂತೆ. ಮೇಲ್ಗಡೆ ಬಿಸಿ ಗಾಳಿ ಹೋಗಲು ಗವಾಕ್ಷಿ.

ಸಾಮಗ್ರಿಯಲ್ಲಿ ಆಯ್ಕೆ ಸಿಕ್ಕರೆ ಕಾಂಕ್ರೀಟ್ ಬ್ಲಾಕಿಗಿಂತ ಒತ್ತಿದ ಮಣ್ಣಿನ ಬ್ಲಾಕು ಕೇಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ ಇದರ ಮೇಲೆ ದಶಕಗಟ್ಟಲೆ ಕೆಲಸ ಮಾಡಿದೆ: ಸ್ಥಳದ ಮಣ್ಣಿಗೆ ಶೇ ಏಳೆಂಟರಷ್ಟು ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿ, ಸುಡದೆ ನೀರು ಹಾಕಿ ಹದಗೊಳಿಸಿದ ಬ್ಲಾಕು. ಸುಡುವ ಸೌದೆ ಉಳಿಯಿತು, ಗಿಲಾಯಿ ಉಳಿಯಿತು. ಕಡಿಮೆ ಖರ್ಚಿನ ಕಟ್ಟಡ ಕಟ್ಟುವ ಜಿಲ್ಲೆಯ ನಿರ್ಮಿತಿ ಕೇಂದ್ರದಲ್ಲಿ ವಿಚಾರಿಸಿ. ಕಲಬುರಗಿ ಕಡೆಯಾದರೆ ಶಹಾಬಾದ್ ಕಲ್ಲು, ಕೋಲಾರದ ಕಡೆ ಸೈಜುಗಲ್ಲು. ಹತ್ತಿರದಲ್ಲಿ ಸಿಗುವುದನ್ನು ಬಿಟ್ಟು ದೂರದಿಂದ ಲಾರಿ ತರಿಸಿದರೆ ಹಸಿರು ಡೀಸೆಲ್ಲಿನಲ್ಲಿ ಕರಗುತ್ತದೆ.

ಅಡುಗೆ ಕೋಣೆಯ ಹಿಂದೆ

ಕೈತೋಟದ ಪಟ್ಟಿಯನ್ನು ಬಿಸಿಯೂಟದ ಅಡುಗೆಯವರಿಂದ ಬರೆಸಿ. ಅವರು ಕೇಳುವುದು ಕರಿಬೇವು, ನುಗ್ಗೆ ಸೊಪ್ಪು, ಕೊತ್ತಂಬರಿ, ಟೊಮೆಟೊ; ಬ್ರೊಕೊಲಿಯನ್ನಲ್ಲ. ಕರಿಬೇವು, ನುಗ್ಗೆ, ಚಕ್ರಮುನಿ ಮೊದಲು ಹಾಕಿ, ಇವು ರಜೆಯಲ್ಲಿ ಒಣಗಿದರೂ ಮತ್ತೆ ಚಿಗುರುತ್ತವೆ. ದಂಟು, ಪಾಲಕ್ ಜೂನಿನಿಂದ ಫೆಬ್ರವರಿವರೆಗೆ ಸಾಕು. ಕರಿಬೇವಿನ ಎಲೆಯ ಮೇಲೆ ಹಕ್ಕಿ ಹಿಕ್ಕೆಯಂತೆ ಕಾಣುವ ಹುಳು ಬಂದರೆ ಔಷಧ ಹೊಡೆಯಬೇಡಿ, ನಾಲ್ಕನೇ ತರಗತಿಯವರನ್ನು ಕರೆಯಿರಿ. ಅದು ಚಿಟ್ಟೆಯ ಮರಿ. ದಿನ ಕಳೆದಂತೆ ಹಸಿರಾಗಿ, ಕೋಶ ಕಟ್ಟಿ, ಚಿಟ್ಟೆಯಾಗುವುದನ್ನು ಪಾಠದ ಪುಸ್ತಕ ಇಷ್ಟು ಚೆನ್ನಾಗಿ ತೋರಿಸಲಾರದು.

ಬಾಳೆಹಣ್ಣಿನ ಸಿಪ್ಪೆ, ಮೊಟ್ಟೆ ಚಿಪ್ಪು, ತರಕಾರಿ ಸಿಪ್ಪೆ, ತರಗು ಎಲ್ಲಕ್ಕೂ ಮೂರಡಿ ಚೌಕದ ಎರಡು ಇಟ್ಟಿಗೆ ತೊಟ್ಟಿ. ಇಟ್ಟಿಗೆಯ ನಡುವೆ ಗಾಳಿ ಸಂದು ಬಿಡಿ. ಒಂದು ಪದರ ಹಸಿ ಕಸ, ಎರಡು ಪದರ ಒಣ ಎಲೆ, ವಾರಕ್ಕೊಮ್ಮೆ ಸಗಣಿ ಬಗ್ಗಡ. ಒಂದು ತುಂಬಿದಾಗ ಮುಚ್ಚಿ ಇನ್ನೊಂದಕ್ಕೆ ಹೋಗಿ. ಬೇಯಿಸಿದ ಅನ್ನ, ಸಾರು ಹಾಕಬೇಡಿ, ಇಲಿ ಬರುತ್ತವೆ; ಇಲಿಯ ಹಿಂದೆ ಹಾವು. ಅದಕ್ಕೇ ಈ ತೊಟ್ಟಿಗಳು ಕೊಠಡಿಯಿಂದ ದೂರ, ಗಿಡಗಂಟಿ ಇಲ್ಲದ ತೆರೆದ ಜಾಗದಲ್ಲಿರಲಿ. ಪೋಷಕರು ಹಾವಿನ ಭಯ ಹೇಳಿದಾಗ ನಗಬೇಡಿ, ನ್ಯಾಯವಾದ ಭಯ ಅದು.

ಪ್ಲಾಸ್ಟಿಕ್ ವಿಷಯ ಚಿಕ್ಕದು. ಶಾಲೆಯ ಹಿಂದೆ ಕಸ ಸುಡುವುದನ್ನು ಇವತ್ತೇ ನಿಲ್ಲಿಸಿ. ಕುರುಕಲು ಪೊಟ್ಟಣಗಳನ್ನು ಒಂದು ಗೋಣಿಯಲ್ಲಿ ಕೂಡಿಟ್ಟು ಪಂಚಾಯ್ತಿಯ ಕಸದ ಗಾಡಿಗೆ ಕೊಡಿ. ಸಮಾರಂಭಕ್ಕೆ ಫ್ಲೆಕ್ಸ್ ಬೇಡ; ಪರಿಸರ ದಿನಕ್ಕಂತೂ ಬೇಡವೇ ಬೇಡ.

ಶೌಚಾಲಯ

ಬೀಗ ಬಿದ್ದ ಶೌಚಾಲಯದ ಕಥೆ ಬಹುಪಾಲು ನೀರಿನ ಕಥೆ. ಒಳಗೆ ನಲ್ಲಿಯಿಲ್ಲ, ಹೊರಗಿನಿಂದ ಬಕೆಟ್ ತರಬೇಕು, ನಾಲ್ಕು ದಿನಕ್ಕೆ ವಾಸನೆ, ಐದನೇ ದಿನ ಬೀಗ. ಕೊಳವೆಬಾವಿಯ ಗಡಸು ನೀರನ್ನು ಇಲ್ಲಿಗೆ ಇಟ್ಟುಕೊಳ್ಳಿ, ಮಳೆ ನೀರನ್ನು ಕುಡಿಯಲು. ಎತ್ತರದಲ್ಲಿ ಬೇರೆಯದೇ ಒಂದು ಟ್ಯಾಂಕ್ ಇರಲಿ. ಇಳಿಜಾರು ಜಾಸ್ತಿಯಿರುವ ಗ್ರಾಮೀಣ ಮಾದರಿಯ ಶೌಚದ ತಟ್ಟೆಗೆ ಎರಡು ಲೀಟರ್ ನೀರು ಸಾಕಾಗುತ್ತದೆ.

ಒಳಚ‌ರಂಡಿ ಇಲ್ಲದ ಊರಿಗೆ ಜೋಡಿ ಗುಂಡಿಯೇ ಸರಿ. ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿ, ಮುಚ್ಚಿದ್ದನ್ನು ಎರಡು ವರ್ಷ ಮುಟ್ಟದೆ ಬಿಟ್ಟರೆ ಒಳಗಿನದ್ದು ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಗುಂಡಿಗೂ ಬಾವಿ, ಕೊಳವೆಬಾವಿಗೂ ನಡುವೆ ಹತ್ತು ಮೀಟರಿಗೆ ಕಡಿಮೆಯಾಗದಿರಲಿ. ಇಂಗುಗುಂಡಿಯನ್ನೂ ಇದರಿಂದ ದೂರವಿಡಿ. ಹೆಣ್ಣುಮಕ್ಕಳ ಶೌಚಾಲಯದ ಒಳಗೇ ಮುಚ್ಚಳದ ಬುಟ್ಟಿ, ಬಟ್ಟೆ ಹಾಕುವ ಗೂಟ, ಒಳಚಿಲಕ ಇವೆಯೇ ಎಂದು ಶಿಕ್ಷಕಿಯೊಬ್ಬರು ತಿಂಗಳಿಗೊಮ್ಮೆ ನೋಡಲಿ. ನಕ್ಷೆಯಲ್ಲಿ ಶೌಚಾಲಯದ ಸುತ್ತ ಮರೆಗೆಂದು ಪೊದೆ ಬೆಳೆಸುವ ಯೋಚನೆ ಇದ್ದರೆ ತೆಗೆದುಹಾಕಿ, ಮಕ್ಕಳು ಹೆದರುತ್ತಾರೆ.

ಕರೆಂಟು

ಸೋಲಾರ್ ಎಲ್ಲರಿಗೂ ಮೊದಲು ನೆನಪಾಗುತ್ತದೆ. ನಾನು ಕೊನೆಗೆ ಇಡುತ್ತೇನೆ. ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಎಂದು 2023ರ ರಾಜ್ಯೋತ್ಸವದ ದಿನ ಸರ್ಕಾರ ಘೋಷಿಸಿದೆ, ಹಾಗಾಗಿ ಬಿಲ್ ಉಳಿಸುವ ವಾದ ಇಲ್ಲಿ ನಿಲ್ಲುವುದಿಲ್ಲ. ಉಳಿಯುವುದು ಕರೆಂಟ್ ಹೋದಾಗ ಏನು ಎಂಬ ಪ್ರಶ್ನೆ. ಗಮನಿಸಿ: ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ ಸೋಲಾರ್, ಕರೆಂಟ್ ಹೋದರೆ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವವರಿಗೆ ಶಾಕ್ ಹೊಡೆಯದಿರಲಿ ಎಂದೇ ಅದನ್ನು ಹಾಗೆ ಮಾಡಿರುತ್ತಾರೆ. ದಾನಿಗಳು ಪ್ಯಾನೆಲ್ ಕೊಡಲು ಬಂದರೆ ಬ್ಯಾಟರಿಯ ಮಾತನ್ನೂ, ಐದಾರು ವರ್ಷದ ಮೇಲೆ ಅದನ್ನು ಬದಲಿಸುವ ದುಡ್ಡಿನ ಮಾತನ್ನೂ ಆಗಲೇ ಆಡಿ.

ಅದಕ್ಕೂ ಮೊದಲು ಫ್ಯಾನ್ ಬದಲಿಸಿ. ಏಳು ಕೊಠಡಿಗೆ 14 ಹಳೆ ಫ್ಯಾನು, ತಲಾ 75 ವಾಟ್, ದಿನಕ್ಕೆ ಆರು ಗಂಟೆ ಎಂದರೆ ಆರು ಯೂನಿಟ್ ಮೇಲೆ. ಕಡಿಮೆ ಕರೆಂಟು ಎಳೆಯುವ 30 ವಾಟಿನ ಬಿಎಲ್‌ಡಿಸಿ ಫ್ಯಾನಾದರೆ ಎರಡೂವರೆ ಯೂನಿಟ್. ಒಂದು ಕಿಲೋವಾಟ್ ಪ್ಯಾನೆಲ್ ನಮ್ಮ ಬಿಸಿಲಿಗೆ ದಿನಕ್ಕೆ ನಾಲ್ಕು ಯೂನಿಟ್ ಕೊಡುತ್ತದೆ. ಅಂದರೆ ಫ್ಯಾನ್ ಬದಲಿಸಿದ ಶಾಲೆಗೆ ಒಂದು ಕಿಲೋವಾಟ್ ಸಾಕು, ಬದಲಿಸದ ಶಾಲೆಗೆ ಎರಡು ಬೇಕು. ಪ್ಯಾನೆಲ್ ಇಡುವ ತಾರಸಿ ಮತ್ತು ಕುಡಿಯುವ ನೀರಿನ ತಾರಸಿ ಬೇರೆ ಬೇರೆ ಇರಲಿ. ಅದರ ದಕ್ಷಿಣಕ್ಕೆ ಎತ್ತರದ ಮರ ಬರದಂತೆ ಈಗಲೇ ನಕ್ಷೆಯಲ್ಲಿ ಗುರುತು ಮಾಡಿ.

ದುಡ್ಡು ಮತ್ತು ಚಾರ್ಜ್ ಲಿಸ್ಟು

ಎಲ್ಲವನ್ನೂ ಒಂದೇ ವರ್ಷ ಮಾಡಲು ಹೋಗಬೇಡಿ. ಮೊದಲ ವರ್ಷ ಅಳತೆ, ನಕ್ಷೆ, ಕೈತೊಳೆಯುವ ಕಟ್ಟೆಯ ನೀರು, ತಾರಸಿಗೆ ಸುಣ್ಣ, ಗೊಬ್ಬರದ ತೊಟ್ಟಿ, ಪಡುವಣ ಬದಿಗೆ ಎಂಟು ಹತ್ತು ಸಸಿ. ಇಷ್ಟಕ್ಕೆ ಊರಿನ ಹಳೆ ವಿದ್ಯಾರ್ಥಿಗಳ ಚಂದಾ ಸಾಕಾಗುತ್ತದೆ. ಎರಡನೇ ವರ್ಷ ತೊಟ್ಟಿ. ಕಾಂಪೌಂಡ್, ಮೈದಾನ, ಮಳೆಕೊಯ್ಲಿನ ಕಾಮಗಾರಿಗಳು ಎಷ್ಟೋ ಶಾಲೆಗಳಿಗೆ ಪಂಚಾಯ್ತಿಯ ಕ್ರಿಯಾಯೋಜನೆಯಿಂದ ಬಂದಿವೆ. ಅದಕ್ಕೆ ಗ್ರಾಮಸಭೆಯಲ್ಲಿ ಬೇಡಿಕೆ ಬರೆಸಬೇಕು, ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಚಾರ್ಟ್ ಹಿಡಿದು ಕೇಳಿದರೆ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ತಳ್ಳಿಹಾಕುವುದು ಕಷ್ಟ. ಮಾಲಿನ್ಯ ನಿಯಂತ್ರಣ ಮಂಡಳಿಯ ಪರಿಸರ ಮಿತ್ರ ಶಾಲೆ ಪ್ರಶಸ್ತಿಗೆ ಅರ್ಜಿ ಹಾಕಿ, ಬಂದರೆ ಹಣ ಸಿಗುತ್ತದೆ. ಅದಕ್ಕಾಗಿಯೇ ಕೆಲಸ ಮಾಡಿದರೆ ತಪಾಸಣೆ ಮುಗಿದ ಮರುದಿನ ಗಿಡ ಒಣಗುತ್ತದೆ. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆಯ) ಹಣ ಕೇಳುವಾಗ ಕಟ್ಟುವ ಖರ್ಚಿನ ಕೆಳಗೆ ಮೂರು ವರ್ಷದ ನಿರ್ವಹಣೆಯ ಖರ್ಚನ್ನೂ ಬೇರೆ ಸಾಲಿನಲ್ಲಿ ಬರೆಯಿರಿ.

ಮುಖ್ಯ ಶಿಕ್ಷಕರ ವರ್ಗಾವಣೆಯಾದರೆ ಹಸಿರು ಶಾಲೆಯೂ ಅವರ ಹಿಂದೆಯೇ ಹೋಗುವುದನ್ನು ನೋಡಿದ್ದೇನೆ. ಅದಕ್ಕೆ ಒಂದು ಉಪಾಯವಿದೆ. ಬೆಂಚು, ಬೀರು, ಕುಕ್ಕರ್ ಎಲ್ಲ ಬರೆದು ಸಹಿ ಹಾಕಿ ಹಸ್ತಾಂತರ ಮಾಡುವ ಚಾರ್ಜ್ ಲಿಸ್ಟಿನಲ್ಲಿ ಇವನ್ನೂ ಸೇರಿಸಿ: ಆವರಣದ ನಕ್ಷೆ ಒಂದು, ನಂಬರು ಹಾಕಿದ ಮರಗಳು, ನೆಟ್ಟ ವರ್ಷದ ಸಮೇತ ಇಷ್ಟು, ಮಳೆನೀರಿನ ತೊಟ್ಟಿ ಒಂದು, ಶೋಧಕ ಕೊನೆಯ ಸಲ ತೊಳೆದ ತಾರೀಖು, ಶೌಚದ ಗುಂಡಿ ಎರಡು, ಈಗ ಬಳಕೆಯಲ್ಲಿರುವುದು ಎಡಗಡೆಯದು, ಬೇಸಿಗೆ ರಜೆಯಲ್ಲಿ ಬೀಗದ ಕೈ ಇಟ್ಟುಕೊಂಡು ನೀರು ಹಾಕುವವರ ಹೆಸರು, ಅವರಿಗೆ ಗೊತ್ತು ಮಾಡಿದ ಕೂಲಿ, ಕೊಟ್ಟಿದ್ದೆಷ್ಟು, ಬಾಕಿ ಎಷ್ಟು. ನಂಬರು ಹಾಕಿದ ಮರ ಕಡಿಯಬೇಕಾದರೆ 1976ರ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕೆಂದೂ ಅದೇ ಪುಟದ ಕೆಳಗೆ ಬರೆದಿಡಿ. ಹೊಸಬರು ಬಂದು ಎಣಿಸಿ, ಸಹಿ ಹಾಕಿ ತೆಗೆದುಕೊಳ್ಳಲಿ.